ಪರದೆಯ ತುಂಬ ಕೆಂಪು

ಪ್ರಶ್ನೆ: ತಾರಿಹಾಳದ ಕಾರ್ಖಾನೆಯೊಂದರಲ್ಲಿ 14 ವರ್ಷದಿಂದ ಬಾಯ್ಲರ್ ನೋಡಿಕೊಳ್ಳುತ್ತೇನೆ. ಈಗ ಹಳೇ ಪ್ಯಾನೆಲ್ ತೆಗೆದು ಕಂಪ್ಯೂಟರ್ ಪರದೆ ಹಾಕಿದ್ದಾರೆ. ಅದರಲ್ಲಿ ಬೆಂಕಿ ಉರಿಯುತ್ತದೆ, ಫ್ಯಾನ್ ತಿರುಗುತ್ತದೆ, ಇಂಗ್ಲಿಷಿನಲ್ಲಿ ಎಚ್ಚರಿಕೆಯ ದನಿ ಬರುತ್ತದೆ. ನೋಡಲು ಚೆಂದ. ಆದರೆ ಮೊನ್ನೆ ನೀರು ಇಳಿದದ್ದು ನನಗೆ ತಿಳಿಯಲೇ ಇಲ್ಲ. ವಯಸ್ಸಾಯಿತು ಅನ್ನುತ್ತಾರೆ. ತಪ್ಪು ನನ್ನದೇನ್ರೀ?
– ಓದುಗರು, ಹುಬ್ಬಳ್ಳಿ

ಉತ್ತರ: ವಯಸ್ಸಿನ ಮಾತು ಬಿಡಿ. ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ನಾನೂ ರಾತ್ರಿ ಪಾಳಿ ಮಾಡಿದವನು. ಹೊಸ ಪರದೆ ಬಂದ ತಿಂಗಳಲ್ಲೇ ಡ್ರಮ್ಮಿನ, ಅಂದರೆ ಬಾಯ್ಲರಿನ ನೀರು-ಉಗಿ ಇರುವ ಪಾತ್ರೆಯ, ನೀರು ಇಳಿದದ್ದು ನನ್ನ ಕಣ್ಣಿಗೂ ಬೀಳಲಿಲ್ಲ. ಬೆಂಕಿ ಉರಿಸುವ ಬರ್ನರ್ ತಾನೇ ಟ್ರಿಪ್ ಆಗಿ ಬಂದ್ ಆಯಿತು, ಉಳಿದುಕೊಂಡೆವು. ಆಗ ನನಗಿನ್ನೂ 33.

ಆಮೇಲೆ ಕೂತು ನೋಡಿದರೆ ಗೊಂದಲ ಬಣ್ಣದಲ್ಲಿತ್ತು. ನಮ್ಮ ಎಲೆಕ್ಟ್ರಿಕಲ್ ಪ್ಯಾನೆಲ್‌ನಲ್ಲಿ ಕೆಂಪು ದೀಪ ಅಂದರೆ ಚಾಲೂ, ಹಸಿರು ಅಂದರೆ ಬಂದ್ ಅಲ್ವಾ? ಪರದೆಯಲ್ಲೂ ನಡೆಯುವ ಪಂಪಿಗೆಲ್ಲ ಕೆಂಪು ಕೊಟ್ಟಿದ್ದರು. ಅಲಾರಮ್ಮೂ ಕೆಂಪು. ಒಂಬತ್ತು ಕೆಂಪಿನ ನಡುವೆ ಹತ್ತನೆಯದನ್ನು ಯಾರು ಗುರುತಿಸಬೇಕು?

ಇನ್ನು ಆ ಫ್ಯಾನ್. ಅಲುಗಾಡುವುದರ ಕಡೆಗೇ ಕಣ್ಣು ಹೋಗುತ್ತದೆ. ಎಷ್ಟೋ ಕಡೆ ಆ ಚಿತ್ರ ತಿರುಗುವುದು ಮೋಟರಿಗೆ ಕರೆಂಟು ಹೋಗಿದೆ ಅನ್ನುವುದಕ್ಕೆ ಮಾತ್ರ. ಬೆಲ್ಟ್ ಹರಿದರೂ ಅದು ತಿರುಗುತ್ತಲೇ ಇರುತ್ತದೆ! 1979ರಲ್ಲಿ ಅಮೆರಿಕದ ತ್ರೀ ಮೈಲ್ ಐಲ್ಯಾಂಡ್ ಅಣು ಸ್ಥಾವರದಲ್ಲಿ ಇಂಥದ್ದೇ ಆಯಿತು. ದೀಪ ಆರಿತು, ವಾಲ್ವ್ ಮುಚ್ಚಿತು ಅಂದುಕೊಂಡರು. ಮುಚ್ಚು ಅನ್ನುವ ಸಿಗ್ನಲ್ ಹೋಗಿದ್ದಕ್ಕೆ ದೀಪ ಆರಿತ್ತು. ವಾಲ್ವ್ ಮಾತ್ರ ತೆರೆದೇ ಇತ್ತು.

ಸದ್ದೂ ಜಾಸ್ತಿಯಾದರೆ ಕಷ್ಟ. 1994ರಲ್ಲಿ ವೇಲ್ಸ್‌ನ ಮಿಲ್‌ಫರ್ಡ್ ಹೇವನ್ ತೈಲ ಶುದ್ಧೀಕರಣ ಘಟಕದಲ್ಲಿ ಸ್ಫೋಟಕ್ಕೆ ಮುಂಚಿನ 11 ನಿಮಿಷದಲ್ಲಿ ಇಬ್ಬರು ಆಪರೇಟರುಗಳ ಮುಂದೆ 275 ಅಲಾರಂ ಬಂದವು. ಓದುವುದು ಹೇಗೆ, ಕೈ ಹಾಕುವುದು ಹೇಗೆ? ಬರೀ ಅಕ್ನಾಲೆಜ್, ಅಂದರೆ ‘ಅಲಾರಂ ನೋಡಿದೆ’ ಅನ್ನುವ ಗುಂಡಿ, ಒತ್ತುವುದೇ ಕೆಲಸವಾಗುತ್ತದೆ.

ನೀವು ಒಂದು ವಾರ ಲಾಗ್ ಬುಕ್‌ನಲ್ಲಿ ಬರೆಯಿರಿ. ಪಾಳಿಗೆ ಎಷ್ಟು ಅಲಾರಂ ಬಂದವು, ಎಷ್ಟಕ್ಕೆ ನಿಜವಾಗಿ ಏನಾದರೂ ಮಾಡಬೇಕಾಯಿತು ಅಂತ. ಸರಾಸರಿ ಹತ್ತು ನಿಮಿಷಕ್ಕೆ ಒಂದು ಅನ್ನುವುದು ಈ ಕ್ಷೇತ್ರ ಒಪ್ಪಿದ ಅಳತೆ. ಆ ಲೆಕ್ಕ ಹಿಡಿದೇ ಮ್ಯಾನೇಜರ್ ಹತ್ತಿರ ಹೋಗಿ. ಪರದೆಯ ಹಿನ್ನೆಲೆ ಬೂದು ಬಣ್ಣ ಇರಲಿ, ಕೆಂಪು ಅಲಾರಮ್ಮಿಗೆ ಮಾತ್ರ ಮೀಸಲಿರಲಿ, ನೀರಿನ ಮಟ್ಟ ಹಿಂದಿನ ಒಂದು ಗಂಟೆಯಲ್ಲಿ ಏರಿತೋ ಇಳಿಯಿತೋ ಅನ್ನುವ ಗೆರೆ ಕಾಣಲಿ ಅಂತ ಕೇಳಿ. ದನಿ ಬೇಕೇ ಬೇಕು ಅಂದರೆ ಕನ್ನಡದಲ್ಲಿ ‘ಡ್ರಮ್ ನೀರು ಕಡಿಮೆ’ ಅಂತ ಮೂರೇ ಮಾತು ಸಾಕು.

ಅಲ್ಲಿಯವರೆಗೆ ಆಗಾಗ ಎದ್ದು ಹೋಗಿ ಬಾಯ್ಲರಿನ ನೀರಿನ ಮಟ್ಟ ತೋರಿಸುವ ಗಾಜು, ಆ ಗೇಜ್ ಗ್ಲಾಸ್, ಕಣ್ಣಾರೆ ನೋಡಿ ಬನ್ನಿ.