ಬೋರ್ಡೋ ಹೊಡೆದ ತೋಟದ ಮಣ್ಣಿನಲ್ಲಿ ಜೀವ ಉಳಿದಿರುತ್ತದೆಯೇ?

ಅಜ್ಜನ ಕಾಲದಿಂದ ಕೊಳೆರೋಗಕ್ಕೆಂದು ಬೋರ್ಡೋ ದ್ರಾವಣ (ಮೈಲುತುತ್ತ, ಸುಣ್ಣದ ಮಿಶ್ರಣ) ಸಿಂಪಡಿಸುತ್ತ ಬಂದ ಅಡಿಕೆ ತೋಟದಲ್ಲಿ ಸೂಕ್ಷ್ಮಜೀವಿಗಳೆಲ್ಲ ಸತ್ತಿರುತ್ತವೆಯೇ ಎಂದು ತಾವು ಕೇಳಿದ್ದೀರಿ. ಸಾಗರ ತಾಲ್ಲೂಕಿನಲ್ಲಿ ನಾನೂ ಅಂಥದೇ ತೋಟ ನೋಡಿಕೊಳ್ಳುತ್ತಿದ್ದೇನೆ. ಎಲ್ಲವೂ ಸಾಯುವುದಿಲ್ಲ, ಯಾವುವು ಹೆಚ್ಚಬೇಕು, ಯಾವುವು ಹಿಂಜರಿಯಬೇಕು ಎಂಬುದನ್ನು ಮಾತ್ರ ನಾವು ಬದಲಿಸುತ್ತೇವೆ.

ಅಡಿಕೆ ಕಾಯಿಯನ್ನು ಕೊಳೆಸಿ ಉದುರಿಸುವ ಕೊಳೆರೋಗ ತರುವ ಫೈಟಾಫ್ತೊರಾ ಎಂಬ ಸೂಕ್ಷ್ಮಜೀವಿ ಶಿಲೀಂಧ್ರದಂತೆ ಕಂಡರೂ ನಿಜವಾದ ಶಿಲೀಂಧ್ರವಲ್ಲ. ಅದರ ಬೀಜಕಣಗಳು ನೀರಿನಲ್ಲಿ ಈಜುವುದರಿಂದ ಆಷಾಢದ ಜಡಿಮಳೆ ಅದಕ್ಕೆ ಹಬ್ಬ. ನಮ್ಮ ಹಿರಿಯರು ಕೊನೆಗಳಿಗೆ (ಅಡಿಕೆ ಗೊನೆಗಳಿಗೆ) ಕೊಟ್ಟೆ ಎಂಬ ಹೊದಿಕೆ ಕಟ್ಟಿ ಮಳೆನೀರನ್ನೇ ತಡೆಯುತ್ತಿದ್ದರು, ಅದರಿಂದ ಮಣ್ಣಿಗೆ ಏನೂ ಸೇರುತ್ತಿರಲಿಲ್ಲ. 1910ರ ಸುಮಾರಿಗೆ ಮೈಸೂರು ಸಂಸ್ಥಾನದಲ್ಲಿದ್ದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಈ ರೋಗವನ್ನು ಅಭ್ಯಸಿಸಿ ಬೋರ್ಡೋ ಸಿಂಪಡಣೆಯನ್ನು ಬಳಕೆಗೆ ತಂದರು.

ಶೇ. 1ರ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ ಬೇಕು, ಅದರಲ್ಲಿ ಸುಮಾರು 250 ಗ್ರಾಂ ತಾಮ್ರವಿರುತ್ತದೆ. ತಾಮ್ರವು ಧಾತುವಾದ್ದರಿಂದ ಕೊಳೆಯುವುದಿಲ್ಲ, ಕರಗಿ ಮಾಯವಾಗುವುದೂ ಇಲ್ಲ. ಕೊನೆಯಿಂದ ತೊಳೆದು ಬಂದದ್ದು ಬಹುಪಾಲು ಮೇಲ್ಮಣ್ಣಿನಲ್ಲಿಯೇ ವರ್ಷದಿಂದ ವರ್ಷಕ್ಕೆ ಕೂಡುತ್ತದೆ. ಬೇರಿನೊಂದಿಗೆ ಬಾಳುವ ಶಿಲೀಂಧ್ರಗಳಲ್ಲಿ ಹಲವು ಇದಕ್ಕೆ ನಲುಗುತ್ತವೆ, ತಾಮ್ರವನ್ನು ಜೀವಕೋಶದಿಂದ ಹೊರಗೆ ತಳ್ಳಬಲ್ಲ ಬ್ಯಾಕ್ಟೀರಿಯಾಗಳು ಹೆಚ್ಚುತ್ತವೆ. ಯುರೋಪಿನ ದ್ರಾಕ್ಷಿ ತೋಟಗಳಲ್ಲೂ ಇದೇ ಚಿಂತೆಯಿದ್ದು, ಐರೋಪ್ಯ ಒಕ್ಕೂಟವು ಹೆಕ್ಟೇರಿಗೆ 7 ವರ್ಷಗಳಲ್ಲಿ 28 ಕೆ.ಜಿ. ತಾಮ್ರವೆಂದು ಮಿತಿ ಹಾಕಿದೆ.

ಮಲೆನಾಡಿನ ಕೆಂಪು ಮಣ್ಣು ಹುಳಿಯಾದದ್ದು, ಹುಳಿ ಹೆಚ್ಚಿದಷ್ಟೂ ತಾಮ್ರದ ವಿಷ ಹೆಚ್ಚು. ಆದರೆ ಸೊಪ್ಪು, ದರಕು (ಒಣ ಎಲೆ), ಕೊಟ್ಟಿಗೆ ಗೊಬ್ಬರದ ಸಾವಯವ ಅಂಶ ತಾಮ್ರವನ್ನು ಹಿಡಿದಿಟ್ಟು ಜೀವಿಗಳಿಗೆ ತಾಗದಂತೆ ಮಾಡುತ್ತದೆ. ಗೊಬ್ಬರಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟವನ್ನು ಕಡೆಗಣಿಸಿ ಬರೀ ಚೀಲದ ಗೊಬ್ಬರ ನಂಬಿದ ತೋಟಗಳಿಗೆ ಬೋರ್ಡೋ ಹೆಚ್ಚು ಕೆಡುಕು ಮಾಡುತ್ತದೆಂಬುದು ನನ್ನ ಅಭಿಪ್ರಾಯ. (ತಮ್ಮದು ಗದ್ದೆ ತೆಗೆದು ಮಾಡಿದ ತೋಟವಾಗಿದ್ದರೆ, ನೀರು ನಿಂತಲ್ಲಿ ಮೀಥೇನ್ ಹುಟ್ಟಿಸುತ್ತಿದ್ದ ಜೀವಿಗಳು ಬಸಿಗಾಲುವೆ ತೋಡಿದಾಗಲೇ ಹಿಂದೆ ಸರಿದಿರುತ್ತವೆ, ಆ ಬದಲಾವಣೆಗೂ ಬೋರ್ಡೋಗೂ ಸಂಬಂಧವಿಲ್ಲ.)

ಮಣ್ಣು ಪರೀಕ್ಷೆಗೆ ಕೊಡುವಾಗ ತಾಮ್ರ ಮತ್ತು ರಸಸಾರ (ಹುಳಿಯ ಅಳತೆ, pH) ಎರಡನ್ನೂ ನೋಡಿಸಿ, ಹುಳಿ ಹೆಚ್ಚಿದ್ದರೆ ಸುಣ್ಣ ಹಾಕಿರಿ. ಅಡಿಕೆ ಮರದ ಬುಡ ಕೊಳೆಸುವ ಅಣಬೆರೋಗಕ್ಕೆಂದು ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರ ಹಾಕುವವರು ಅದನ್ನು ಕೊಟ್ಟಿಗೆ ಗೊಬ್ಬರದಲ್ಲಿ ಬೆರೆಸಿ, ನೆರಳಿನಲ್ಲಿ ತೇವ ಆರದಂತೆ ಎರಡು ವಾರ ಇಟ್ಟು, ಸಿಂಪಡಣೆಯ ದಿನಗಳಿಂದ ದೂರವಾಗಿ ಬುಡಕ್ಕೆ ಕೊಡಬೇಕು. ನಾನು ಮಳೆ ಪೂರ್ತಿ ನಿಂತ ಮೇಲೆಯೇ ಕೊಡುತ್ತೇನೆ.