ವಿಮಾನದ ಎಕ್ಸಾಸ್ಟ್‌ಗೆ ಯಾವ ಸ್ಟೀಲು, ಯಾವ ರಾಡು?

ಪ್ರಶ್ನೆ: ನಮ್ಮೂರು ಹಾಸನ ಸರ್, ಈಗ ಇರುವುದು ಅಮೆರಿಕದ ಒಹಾಯೊದಲ್ಲಿ. ಗ್ಯಾರೇಜಿನಲ್ಲಿ ಎರಡು ಸೀಟಿನ ವಿಮಾನ ಕಟ್ಟುತ್ತಿದ್ದೇನೆ, ಇಂಜಿನ್ ಲೈಕಮಿಂಗ್ ಓ-320. ಬಾಡಿಯ ಕ್ರೋಮೋಲಿ (ಕ್ರೋಮಿಯಂ, ಮಾಲಿಬ್ಡಿನಂ ಬೆರೆಸಿದ ಸ್ಟೀಲು) ಪೈಪುಗಳನ್ನೆಲ್ಲ ನಾನೇ ಟಿಗ್ ವೆಲ್ಡಿಂಗ್ (ಆರ್ಗಾನ್ ಗ್ಯಾಸಿನ ಮರೆಯಲ್ಲಿ ವಿದ್ಯುತ್ ಕಿಡಿಯಿಂದ ಮಾಡುವ ಬೆಸುಗೆ) ಮಾಡಿದೆ. ಎಕ್ಸಾಸ್ಟನ್ನೂ, ಅಂದರೆ ಇಂಜಿನ್ನಿನ ಹೊಗೆ ಕೊಳವೆಯನ್ನೂ, ನಾನೇ ಮಾಡುವ ಆಸೆ. 304 ಸ್ಟೇನ್‌ಲೆಸ್ ಪೈಪು ಎಲ್ಲ ಕಡೆ ಸಿಗುತ್ತದೆ, 321 ಎಂಬ ಇನ್ನೊಂದು ಬಗೆಯ ಸ್ಟೇನ್‌ಲೆಸ್‌ಗೆ ದುಡ್ಡು ಜಾಸ್ತಿ. ಯಾವುದು ತಗೊಳ್ಳಲಿ? ವಿಮಾನದ ಬಾಡಿಯ ಪೈಪುಗಳಿಗೆ ಬಳಸಿದ ಇಆರ್70ಎಸ್-2 ರಾಡು (ಬೆಸುಗೆಗೆ ಕರಗಿಸಿ ತುಂಬುವ ತಂತಿ) ಸುಮಾರು ಉಳಿದಿದೆ, ಅದೇ ನಡೆಯುತ್ತಾ?

ಉತ್ತರ: ರಾಡಿನ ವಿಷಯ ಮೊದಲು ಮುಗಿಸಿಬಿಡೋಣ. ನಡೆಯುವುದಿಲ್ಲ. ಅದು ಸಾದಾ ಸ್ಟೀಲಿನ ರಾಡು. ಸ್ಟೇನ್‌ಲೆಸ್ ಜೊತೆ ಕರಗಿಸಿದರೆ ಬೆಸುಗೆ ಗಡುಸಾಗಿ ಬಿರುಕು ಬಿಡುತ್ತದೆ, ಮೇಲೆ ತುಕ್ಕು ಬೇರೆ. ಉಳಿದದ್ದನ್ನು ಗೇಟಿಗೋ ಟ್ರಾಲಿಗೋ ಇಟ್ಟುಕೊಳ್ಳಿ.

ಪೈಪು 321 ತಗೊಳ್ಳಿ, ರಾಡು ಇಆರ್347. ಯಾಕೆ ಅಂತ ಹೇಳುತ್ತೇನೆ. ನಿಮ್ಮ ಇಂಜಿನ್ನಿಂದ ಹೊರಬರುವ ಗ್ಯಾಸು 800 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ, ಪೈಪು ಅದಕ್ಕಿಂತ ಕಡಿಮೆ ಕಾಯುತ್ತದೆ. ಸ್ಟೇನ್‌ಲೆಸ್‌ಗೆ ಆಗದ ಜಾಗವೇ ಅದು. ಸುಮಾರು 425ರಿಂದ 815 ಡಿಗ್ರಿಯೊಳಗೆ ಬಹಳ ಹೊತ್ತು ಇದ್ದರೆ ಸ್ಟೀಲಿನೊಳಗಿನ ಕಾರ್ಬನ್ ಹೋಗಿ ಕ್ರೋಮಿಯಂ ಅನ್ನು ಹಿಡಿದುಕೊಳ್ಳುತ್ತದೆ. ತುಕ್ಕು ತಡೆಯುವುದು ಕ್ರೋಮಿಯಂ ತಾನೇ, ಅದೇ ಖಾಲಿಯಾದರೆ ಲೋಹದ ಕಣಗಳ ಸಂದಿಯಲ್ಲಿ ಒಳಗೊಳಗೇ ತಿನ್ನಲು ಶುರು, ಹೊರಗೆ ನೋಡಿದರೆ ಪೈಪು ಚೆನ್ನಾಗೇ ಇರುತ್ತದೆ. 321ರಲ್ಲಿ ಟೈಟಾನಿಯಂ ಬೆರೆಸಿರುತ್ತಾರೆ. ಕಾರ್ಬನ್ನನ್ನು ಮೊದಲು ಅದೇ ಹಿಡಿದುಕೊಳ್ಳುತ್ತದೆ, ಕ್ರೋಮಿಯಂ ಉಳಿಯುತ್ತದೆ.

ಹಾಗಾದರೆ ರಾಡು ಯಾಕೆ 347, 321 ಯಾಕಲ್ಲ ಅಂತೀರಾ? ಆರ್ಕ್‌ನ, ಅಂದರೆ ವೆಲ್ಡಿಂಗ್ ಕಿಡಿಯ, ಬಿಸಿಯಲ್ಲಿ ಟೈಟಾನಿಯಂ ಉರಿದುಹೋಗುತ್ತದೆ, ಬೆಸುಗೆಗೆ ಬಂದು ಸೇರುವುದು ಸ್ವಲ್ಪವೇ. 347ರಲ್ಲಿ ಅದರ ಬದಲು ನಯೋಬಿಯಂ ಇದೆ, ಅದು ಆರ್ಕ್ ದಾಟಿ ಉಳಿಯುತ್ತದೆ. ಇನ್ನು 304 ಹಾಕಿ ವರ್ಷಗಟ್ಟಲೆ ಹಾರಿಸಿದವರೂ ಇದ್ದಾರೆ, ಸುಳ್ಳು ಹೇಳಲ್ಲ. ಹಾಕಲೇಬೇಕು ಅಂದರೆ 304ಎಲ್ ಹಾಕಿ, ಕಾರ್ಬನ್ ಕಡಿಮೆ, ರಾಡು ಇಆರ್308ಎಲ್. ಆದರೆ ಇಂಜಿನ್ನಿಗೇ ಲಕ್ಷಗಟ್ಟಲೆ ಸುರಿದು ನಾಲ್ಕು ಪೈಪಿನಲ್ಲಿ ಉಳಿತಾಯ ಮಾಡುವುದು ನನಗಂತೂ ಸರಿ ಕಾಣಲ್ಲ. ಫ್ಲ್ಯಾಂಜ್ (ಪೈಪನ್ನು ಇಂಜಿನ್ನಿಗೆ ಬೋಲ್ಟ್ ಹಾಕುವ ಚಪ್ಪಟೆ ಪಟ್ಟಿ) ಸಾದಾ ಸ್ಟೀಲಿನದಾಗಿದ್ದರೆ ಆ ಜೋಡಣೆಗೆ ಮಾತ್ರ 309ಎಲ್. ಇಂಕೋನೆಲ್ ಎಂಬ ನಿಕ್ಕಲ್ ಮಿಶ್ರಲೋಹ ಟರ್ಬೊ ಇಂಜಿನ್ ಇದ್ದವರಿಗೆ, ನಿಮಗೆ ಬೇಡ.

ಇಷ್ಟೆಲ್ಲ ಸರಿಯಾದ ಮಾಲು ತಂದು ಕೆಡಿಸಿಕೊಳ್ಳುವುದು ಪೈಪಿನ ಒಳಮೈಯಲ್ಲಿ. ಕ್ರೋಮೋಲಿಗೆ ಹೊರಗಿನಿಂದ ಆರ್ಗಾನ್ ಕೊಟ್ಟರೆ ಸಾಕಿತ್ತು, ಇದಕ್ಕೆ ಸಾಲದು. ಒಳಗಡೆ ಗಾಳಿ ಇದ್ದರೆ ಬೆಸುಗೆಯ ಹಿಂಭಾಗ ಬಾಣಲೆ ತಳದಲ್ಲಿ ಸೀದ ಬೆಲ್ಲದ ಹಾಗೆ ಕಪ್ಪಗೆ ಗಂಟುಗಂಟಾಗುತ್ತದೆ, ಬಿರುಕು ಹುಟ್ಟುವುದು ಅಲ್ಲಿಂದಲೇ. ಎರಡೂ ಬಾಯಿಗೆ ಅಲ್ಯೂಮಿನಿಯಂ ಟೇಪ್ ಸುತ್ತಿ, ಕೆಳಗಿನಿಂದ ಆರ್ಗಾನ್ ಬಿಡಿ, ಮೇಲೆ ಸಣ್ಣ ತೂತು ಇರಲಿ. ಆರ್ಗಾನ್ ಗಾಳಿಗಿಂತ ಭಾರ, ಗಾಳಿಯನ್ನು ಮೇಲಕ್ಕೆ ತಳ್ಳಿಕೊಂಡು ಬರುತ್ತದೆ. ಅವಸರ ಬೇಡ, ಪೈಪು ಚೆನ್ನಾಗಿ ತುಂಬಲಿ. 0.9 ಮಿಲಿಮೀಟರ್ ಗೋಡೆಗೆ 30ರಿಂದ 40 ಆಂಪ್ ಸಾಕು. ಬೆಸುಗೆ ಒಣಹುಲ್ಲಿನ ಬಣ್ಣಕ್ಕೆ ಬಂದರೆ ಚೆನ್ನ, ಬೂದು ಬಣ್ಣ ಬಂದರೆ ಬಿಸಿ ಜಾಸ್ತಿ ಆಯಿತು ಅಂತಲೇ.

ಪೈಪಿನ ಮೇಲೆ ಪೆನ್ಸಿಲಿನಲ್ಲಿ ಗುರುತು ಹಾಕಬೇಡಿ. ನಗಬೇಡಿ, ಪೆನ್ಸಿಲ್ ಅಂದರೆ ಕಾರ್ಬನ್ನೇ, ಕಾದಾಗ ಲೋಹದೊಳಗೆ ಇಳಿದು ಆ ಗೆರೆಯಲ್ಲೇ ಬಿರುಕು ಬರುತ್ತದೆ. ಸತು ಬಳಿದ ಉಪಕರಣವೂ ತಾಗಬಾರದು, ಬ್ರಷ್ ಸ್ಟೇನ್‌ಲೆಸ್‌ನದೇ ಇರಲಿ, ಅದನ್ನು ಬೇರೆ ಕಬ್ಬಿಣಕ್ಕೆ ಬಳಸಬೇಡಿ. ಒರೆಸಲು ಅಸಿಟೋನ್. ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್ ಮಾತ್ರ ಬೇಡವೇ ಬೇಡ, ಅದರ ಮೇಲೆ ಆರ್ಕ್ ಹೊತ್ತಿಸಿದರೆ ಫಾಸ್ಜೀನ್ ಎಂಬ ವಿಷಗಾಳಿ ಹುಟ್ಟುತ್ತದೆ.

ಇಷ್ಟು ಪಟ್ಟು ಹಿಡಿಯುವುದಕ್ಕೆ ಕಾರಣ ಕ್ಯಾಬಿನ್ ಹೀಟರ್. ಒಹಾಯೊ ಚಳಿಯಲ್ಲಿ ಅದಿಲ್ಲದೆ ಹಾರಲು ಆಗುತ್ತಾ? ಎಕ್ಸಾಸ್ಟ್ ಸುತ್ತ ಕವಚ ಕಟ್ಟಿ, ಅಲ್ಲಿ ಕಾದ ಗಾಳಿಯನ್ನೇ ಒಳಗೆ ಬಿಡುತ್ತೀರಿ. ಕವಚದೊಳಗೆ ಕೂದಲೆಳೆಯಷ್ಟು ಬಿರುಕಿದ್ದರೂ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷದ ಗ್ಯಾಸು ನೇರ ನಿಮ್ಮ ಮೂಗಿಗೆ. ಫುಟ್‌ಬಾಲ್ ಆಟಗಾರ ಎಮಿಲಿಯಾನೊ ಸಾಲಾ 2019ರ ಜನವರಿಯಲ್ಲಿ ತೀರಿಕೊಂಡ ವಿಮಾನ ಮನೆಯಲ್ಲಿ ಕಟ್ಟಿದ್ದಲ್ಲ, ಕಂಪನಿ ತಯಾರಿಸಿದ್ದು. ಅವರ ರಕ್ತದ ಹಿಮೋಗ್ಲೋಬಿನ್‌ನಲ್ಲಿ 58 ಶೇಕಡಾ ಭಾಗವನ್ನು ಈ ಗ್ಯಾಸು ಹಿಡಿದುಕೊಂಡಿತ್ತು. ಹಾಗಾಗಿ ಕವಚದೊಳಗೆ ಬರುವ ಭಾಗದಲ್ಲಿ ಆದಷ್ಟು ಜಾಯಿಂಟೇ ಬರದ ಹಾಗೆ ಪೈಪು ಕತ್ತರಿಸಿ. ಅಲಾರಂ ಹೊಡೆಯುವ ಡಿಟೆಕ್ಟರ್ ಒಂದು ಪ್ಯಾನೆಲ್ಲಿನಲ್ಲಿ ಇರಲಿ.

ಪ್ರಶ್ನೆ: ನಮ್ಮ ಎಕ್ಸಾಸ್ಟ್ ಒಂದೇ ಜಾಗದಲ್ಲಿ ಎರಡು ಸಲ ಬಿರುಕು ಬಿಟ್ಟಿತು. 347 ರಾಡಿನಲ್ಲೇ ಬೆಸುಗೆ ಹಾಕಿಸಿದ್ದು. ಇನ್ನೂ ಗಟ್ಟಿ ರಾಡು ಯಾವುದಿದೆ?

ಉತ್ತರ: ರಾಡಿನದು ತಪ್ಪಲ್ಲ ಸ್ವಾಮಿ. ಅರ್ಧ ಮೀಟರ್ ಸ್ಟೇನ್‌ಲೆಸ್ ಪೈಪು 600 ಡಿಗ್ರಿ ಕಾದರೆ 5 ಮಿಲಿಮೀಟರ್‌ಗೂ ಜಾಸ್ತಿ ಬೆಳೆಯುತ್ತದೆ. ಬೆಳೆಯಲು ಜಾಗ ಇಲ್ಲದಿದ್ದರೆ ಎಲ್ಲೋ ಒಂದು ಕಡೆ ಹರಿಯಲೇಬೇಕು. ಸ್ಲಿಪ್ ಜಾಯಿಂಟ್ (ಒಂದು ಪೈಪಿನೊಳಗೆ ಇನ್ನೊಂದು ಜಾರುವ ಜೋಡಣೆ) ಕಚ್ಚಿಕೊಂಡಿದೆಯಾ ನೋಡಿ. ಪೈಪಿನ ಆಸರೆ ಇಂಜಿನ್ನಿಗೇ ಕಟ್ಟಿದೆಯಾ, ಅಥವಾ ಯಾರೋ ವಿಮಾನದ ಬಾಡಿಯ ಮೇಲೆ ಕಟ್ಟಿದ್ದಾರಾ ಅದನ್ನೂ ನೋಡಿ. ಇಂಜಿನ್ ರಬ್ಬರಿನ ಮೇಲೆ ಕುಣಿಯುತ್ತದೆ, ಬಾಡಿ ಕುಣಿಯಲ್ಲ, ನಡುವೆ ಸಿಕ್ಕ ಪೈಪಿನ ಗತಿ ಏನು? ಈ ಸಲ ಮೇಲೆ ತೇಪೆ ಹಾಕಿಸಬೇಡಿ, ಆ ತುಂಡು ಕತ್ತರಿಸಿ ಹೊಸದು ಕೂರಿಸಿ. ಹಳೆ ಪೈಪಿನೊಳಗೆ ಪೆಟ್ರೋಲಿನ ಸೀಸ ಕೂತಿರುತ್ತದೆ, ಉಜ್ಜುವಾಗ ಮಾಸ್ಕ್ ಹಾಕಿಕೊಳ್ಳಿ.