ಎಂಟು ತಿಂಗಳಲ್ಲಿ ಮೂರು ಕಾರ್ಡ್: ದೋಷ ಕಾರ್ಡಿನದೇ?

ಪ್ರಶ್ನೆ: ಅಡಿಕೆ ತೋಟದ ಪಂಪ್‌ಸೆಟ್ ಶೆಡ್ಡಿನಲ್ಲಿ ರಾಸ್ಪ್‌ಬೆರಿ ಪೈ 3 ಬಿ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್ ಇಟ್ಟು, ಮಣ್ಣಿನ ತೇವವನ್ನೂ ಉಷ್ಣಾಂಶವನ್ನೂ ಸೆಕೆಂಡಿಗೊಮ್ಮೆ ಎಸ್‌ಕ್ಯೂಲೈಟ್ ಎಂಬ ಡೇಟಾಬೇಸಿನ ಫೈಲಿಗೆ ಬರೆಸುತ್ತಿದ್ದೇನೆ. ವಿದ್ಯುತ್ ಪೂರೈಕೆ ಹಳೆಯ ಮೊಬೈಲ್ ಚಾರ್ಜರಿನಿಂದ. ಎಂಟು ತಿಂಗಳಲ್ಲಿ 32 ಜಿಬಿಯ ಮೂರು ಮೆಮೊರಿ ಕಾರ್ಡುಗಳು ಕೆಟ್ಟವು. ಪ್ರತಿ ಸಲವೂ 2021ರಲ್ಲಿ ಇಳಿಸಿಕೊಂಡ ಓಎಸ್ ಅನ್ನೇ ಹೊಸ ಕಾರ್ಡಿಗೆ ಹಾಕಿದ್ದೇನೆ. ಯಾವ ಕಾರ್ಡಿನಲ್ಲಿಯೂ ನನ್ನ ದಾಖಲೆ ಅರ್ಧ ಜಿಬಿ ದಾಟಿರಲಿಲ್ಲ. 128 ಜಿಬಿಯ ಕಾರ್ಡ್ ಹಾಕಿದರೆ ಸರಿಹೋದೀತೆ? ಇನ್ನೊಂದು ವಿಚಿತ್ರವೆಂದರೆ, ಶೆಡ್ಡಿನಲ್ಲಿ ಇಂಟರ್ನೆಟ್ ಇಲ್ಲ. ಕರೆಂಟು ಹೋಗಿ ಬಂದಾಗಲೆಲ್ಲ ದಾಖಲೆಯ ಸಮಯ ಹಿಂದಕ್ಕೆ ಸರಿದು ಯಾವುದೋ ಗಂಟೆಯ 17ನೇ ನಿಮಿಷದಿಂದ ಶುರುವಾಗುತ್ತದೆ.
— ಸಾಗರದ ಓದುಗರೊಬ್ಬರು

ಉತ್ತರ: ಕಾರ್ಡಿನ ಗಾತ್ರಕ್ಕೂ ನಿಮ್ಮ ತೊಂದರೆಗೂ ಇರುವ ಸಂಬಂಧ ಸಣ್ಣದು. ಎಷ್ಟು ಮಾಹಿತಿ ಇಟ್ಟಿದ್ದೀರಿ ಎನ್ನುವುದಕ್ಕಿಂತ, ಅದನ್ನು ಎಷ್ಟು ಸಲ ಬರೆಸಿದಿರಿ ಮತ್ತು ಬರೆಯುತ್ತಿರುವಾಗ ಎಷ್ಟು ಸಲ ಕರೆಂಟು ಹೋಯಿತು ಎನ್ನುವುದನ್ನು ಮೊದಲು ನೋಡಬೇಕು.

ನಿಮ್ಮ ಒಂದು ದಾಖಲೆ ಸುಮಾರು 60 ಬೈಟ್ ಎಂದುಕೊಂಡರೆ, ದಿನದ 86,400 ದಾಖಲೆಗಳು ಸೇರಿ 5 ಎಂಬಿ ಆಸುಪಾಸಿನಲ್ಲಿ ಮುಗಿಯುತ್ತವೆ. ಆದರೆ ಓಎಸ್ 60 ಬೈಟನ್ನು ಬಿಡಿಯಾಗಿ ಬರೆಯುವುದಿಲ್ಲ. ಕನಿಷ್ಠ 4,096 ಬೈಟುಗಳ ಒಂದು ತುಣುಕನ್ನು ಬರೆಯುತ್ತದೆ. ಎಸ್‌ಕ್ಯೂಲೈಟ್ ತನ್ನ ಸುರಕ್ಷತೆಗಾಗಿ ಅದನ್ನು ಜರ್ನಲ್ ಎಂಬ ಮುಂಜಾಗ್ರತೆಯ ಫೈಲಿನಲ್ಲೊಮ್ಮೆ, ಮೂಲ ಫೈಲಿನಲ್ಲೊಮ್ಮೆ ಬರೆಯುತ್ತದೆ, ಫೈಲುಗಳನ್ನು ಜೋಡಿಸಿಡುವ ಓಎಸ್‌ನ ಫೈಲ್ ಸಿಸ್ಟಮ್ ತನ್ನ ಪಾಲಿನ ಜರ್ನಲನ್ನೂ ಬರೆದುಕೊಳ್ಳುತ್ತದೆ. ಹೀಗೆ 5 ಎಂಬಿಯ ಲೆಕ್ಕ ದಿನಕ್ಕೆ 1 ಜಿಬಿಗೂ ಮೇಲೆ ಹೋಗುತ್ತದೆ. ಇಷ್ಟೂ ಕಾರ್ಡಿನ ಬಾಗಿಲಿನವರೆಗಿನ ಮಾತಾಯಿತು.

ಒಳಗಿನ ಕಥೆ ಇನ್ನೂ ದುಬಾರಿಯದು. ಫ್ಲ್ಯಾಶ್ ಮೆಮೊರಿಯಲ್ಲಿ ಬರೆದದ್ದರ ಮೇಲೆಯೇ ಮತ್ತೆ ಬರೆಯಲು ಬರುವುದಿಲ್ಲ. ಒಂದು ಅಕ್ಷರ ತಿದ್ದಬೇಕಾದರೂ ಇಡೀ ಸ್ಲೇಟನ್ನು, ಅಂದರೆ ಮೆಮೊರಿಯ ಆ ಇಡೀ ತುಂಡನ್ನು, ಒರೆಸಬೇಕು. ಆದ್ದರಿಂದ ಕಾರ್ಡಿನೊಳಗಿನ ಕಂಟ್ರೋಲರ್ ಚಿಪ್, ಉಳಿಯಬೇಕಾದ ಬರಹವನ್ನೆಲ್ಲ ಬೇರೊಂದು ಸ್ಲೇಟಿಗೆ ನಕಲು ಮಾಡಿಕೊಂಡು, ಯಾವುದು ಎಲ್ಲಿದೆ ಎಂಬ ಪಟ್ಟಿಯನ್ನು ತಿದ್ದಿ, ಹಳೆಯ ಸ್ಲೇಟನ್ನು ಒರೆಸುತ್ತದೆ. ಒಂದು ಸ್ಲೇಟನ್ನು ಒರೆಸಬಹುದಾದ ಸಲಗಳಿಗೆ ಮಿತಿಯಿದೆ, ಅದು ಸವಕಳಿ. ನಕಲು ನಡೆಯುತ್ತಿರುವಾಗಲೇ ಕರೆಂಟು ಹೋದರೆ ನಿಮ್ಮ ಒಂದು ಸಾಲು ಮಾತ್ರವಲ್ಲ, ಅದೇ ಸ್ಲೇಟಿನಲ್ಲಿದ್ದ ಓಎಸ್‌ನ ಫೈಲುಗಳೂ, ಕೆಲವೊಮ್ಮೆ ಆ ಪಟ್ಟಿಯೂ ಹಾಳಾಗಬಹುದು. ಇದಕ್ಕೆ ಫೈಲ್ ಸಿಸ್ಟಮ್‌ನ ಜರ್ನಲ್ ಮದ್ದಲ್ಲ, ಏಕೆಂದರೆ ಕಾರ್ಡಿನೊಳಗೆ ನಡೆಯುವುದು ಅದಕ್ಕೆ ಕಾಣುವುದೇ ಇಲ್ಲ. ಅದೇ ಕಾರ್ಡಿನಲ್ಲಿ ದಾಖಲೆಗೆಂದು ಬೇರೆ ಪಾರ್ಟಿಷನ್ (ವಿಭಾಗ) ಮಾಡಿಕೊಂಡರೂ ಪೂರ್ತಿ ರಕ್ಷಣೆ ಸಿಗದು. ಕಂಟ್ರೋಲರಿಗೆ ಪಾರ್ಟಿಷನ್ನುಗಳ ಗಡಿ ತಿಳಿಯದು.

ನಿಮ್ಮಲ್ಲಿ ಇವೆರಡರಲ್ಲಿ ಯಾವುದು ನಡೆದಿದೆ? ಕೆಟ್ಟ ಕಾರ್ಡುಗಳನ್ನು ಎಸೆದಿಲ್ಲವಾದರೆ ಪರೀಕ್ಷಿಸಿ ನೋಡಬಹುದು. ಹೊಸದಾಗಿ ಫಾರ್ಮ್ಯಾಟ್ ಮಾಡಿ, ಲಿನಕ್ಸ್‌ನಲ್ಲಿ ಎಫ್3 ಎಂಬ ಉಚಿತ ತಂತ್ರಾಂಶದಿಂದ ಪೂರ್ತಿ ತುಂಬಿಸಿ ಮತ್ತೆ ಓದಿಸಿ. ಕಾರ್ಡ್ ಉತ್ತೀರ್ಣವಾದರೆ ಅದು ಸತ್ತಿರಲಿಲ್ಲ, ಕರೆಂಟು ಹೋದ ಹೊಡೆತಕ್ಕೆ ಬರಹ ಮಾತ್ರ ಕೆಟ್ಟಿತ್ತು. ಓದಲು ಬಂದು ಬರೆಯಲು ಬಾರದಿದ್ದರೆ ಸವೆದಿರುವ ಸಾಧ್ಯತೆ ಹೆಚ್ಚು. ಮೊದಲ ಕೆಲವು ಜಿಬಿ ಸರಿಯಿದ್ದು ಆಮೇಲಿನದೆಲ್ಲ ಸುಳ್ಳಾದರೆ, 32 ಜಿಬಿ ಎಂಬ ಚೀಟಿ ಅಂಟಿಸಿದ ನಕಲಿ ಮಾಲು ನಿಮಗೆ ಸಿಕ್ಕಿದೆ. ಮಲೆನಾಡಿನ ಮಳೆಗಾಲದ ಕರೆಂಟನ್ನು ನೆನೆದರೆ ನನ್ನ ಅನುಮಾನವೆಲ್ಲ ಕರೆಂಟಿನ ಹೊಡೆತದ ಮೇಲೆ.

ಚಾರ್ಜರಿನ ಮೇಲೂ ಒಂದು ಕಣ್ಣಿಡಿ. ಪೈ 3ಕ್ಕೆ ಬೇಕೆಂದು ಹೇಳಿರುವುದು 5.1 ವೋಲ್ಟಿನ, 2.5 ಆಂಪಿಯರ್ ಕೊಡಬಲ್ಲ ಅಡಾಪ್ಟರ್. ಬೋರ್ಡಿಗೆ ಮುಟ್ಟುವ ವೋಲ್ಟೇಜ್ 4.63ಕ್ಕಿಂತ ಇಳಿದರೆ ಅದರ ಕೆಂಪು ದೀಪ ಆರುತ್ತದೆ, ಪರದೆ ಇದ್ದರೆ ಮಿಂಚಿನ ಗುರುತು ಮೂಡುತ್ತದೆ. ಸಪೂರ ಕೇಬಲಿನಲ್ಲಿ ಹೋಗಿಬರುವ ಎರಡೂ ತಂತಿಗಳು ಸೇರಿ ಅರ್ಧ ಓಮ್ ಪ್ರತಿರೋಧವಿದ್ದರೆ, 1 ಆಂಪಿಯರ್ ಎಳೆಯುವ ಹೊತ್ತಿಗೆ ಅರ್ಧ ವೋಲ್ಟ್ ದಾರಿಯಲ್ಲೇ ಕಳೆದು, ಒಳ್ಳೆಯ ಅಡಾಪ್ಟರಿನ 5.1 ಕೂಡ 4.6 ಆಗಿ ತಲುಪುತ್ತದೆ. ಮೊಬೈಲ್ ಚಾರ್ಜರಿನ ಗತಿ ಹೇಳಬೇಕಿಲ್ಲ. ಶೆಡ್ಡಿನ ಮೋಟಾರು ಶುರುವಾಗುವ ಕ್ಷಣದಲ್ಲಿ ಆ ಕೆಂಪು ದೀಪವನ್ನು ಒಮ್ಮೆ ಕಣ್ಣಾರೆ ನೋಡಿ. ಅದು ಮಿಟುಕಿದರೆ ನಿಮ್ಮ ಬೋರ್ಡ್, ಕರೆಂಟು ಹೋಗದ ದಿನವೂ ಅರೆಹೊಟ್ಟೆಯಲ್ಲಿದೆ ಎಂದರ್ಥ.

ಇನ್ನು 17ನೇ ನಿಮಿಷ. ಪೈ 5 ಬರುವವರೆಗೆ, ಅಂದರೆ 2023ರವರೆಗೆ, ಈ ಸಾಲಿನ ಮುಖ್ಯ ಬೋರ್ಡುಗಳಲ್ಲಿ ಬ್ಯಾಟರಿಯಿಂದ ನಡೆಯುವ ಗಡಿಯಾರಕ್ಕೆ ಏರ್ಪಾಡೇ ಇರಲಿಲ್ಲ. ಬೆಲೆ ತಗ್ಗಿಸಲು ಬಿಟ್ಟದ್ದು. ಇಂಟರ್ನೆಟ್ ಇದ್ದರೆ ಸಮಯ ಅಲ್ಲಿಂದ ಬರುತ್ತದೆ. ಇಲ್ಲದಿದ್ದರೆ, ನಿಮ್ಮಲ್ಲಿರುವ ಹಳೆಯ ಓಎಸ್ ಗಂಟೆಗೊಮ್ಮೆ ಆಗಿನ ಸಮಯವನ್ನು ಒಂದು ಫೈಲಿನಲ್ಲಿ ಗುರುತು ಹಾಕಿಟ್ಟು, ಮತ್ತೆ ಎದ್ದಾಗ ಅಲ್ಲಿಂದಲೇ ಎಣಿಸತೊಡಗುತ್ತದೆ. ಗಂಟೆಗೊಮ್ಮೆಯ ಕೆಲಸಗಳನ್ನು ಆ ಓಎಸ್ ಮಾಡುವುದು ಪ್ರತಿ ಗಂಟೆಯ 17ನೇ ನಿಮಿಷಕ್ಕೆ. 4.50ಕ್ಕೆ ಹೋದ ಕರೆಂಟು 7ಕ್ಕೆ ಬಂದರೂ ಬೋರ್ಡಿನ ಪಾಲಿಗೆ ಆಗ ಇನ್ನೂ 4.17. ಡಿಎಸ್3231 ಎಂಬ ಚಿಪ್ ಇರುವ, ನಾಣ್ಯದಂಥ ಸೆಲ್ ಹಾಕುವ ಪುಟ್ಟ ಗಡಿಯಾರದ ಮಾಡ್ಯೂಲನ್ನು ಬೋರ್ಡಿನ ಪಿನ್ನುಗಳಿಗೆ ಜೋಡಿಸಿದರೆ ಈ ಕಾಟ ತಪ್ಪುತ್ತದೆ.

ಮಾಡಬೇಕಾದ್ದರಲ್ಲಿ ಎಲ್ಲಕ್ಕಿಂತ ಅಗ್ಗದ್ದು ನಿಮ್ಮ ಪ್ರೋಗ್ರಾಮಿನಲ್ಲಿಯೇ ಇದೆ. ಅಡಿಕೆ ಮರದ ಬುಡದ ತೇವ ಸೆಕೆಂಡಿಗೊಮ್ಮೆ ಬದಲಾಗುವಂಥದ್ದಲ್ಲ. ನಿಮಿಷಕ್ಕೊಮ್ಮೆ ಅಳೆದು, ರ‍್ಯಾಮ್‌ನಲ್ಲಿ ಕೂಡಿಟ್ಟು, ಹತ್ತು ನಿಮಿಷಕ್ಕೊಮ್ಮೆ ಒಂದೇ ಟ್ರಾನ್ಸಾಕ್ಷನ್ ಆಗಿ, ಅಂದರೆ ಒಂದೇ ಕಂತಿನಲ್ಲಿ, ಬರೆಸಿದರೆ ದಿನದ 86,400 ಬರಹಗಳು 144ಕ್ಕೆ ಇಳಿಯುತ್ತವೆ. ಕರೆಂಟು ಹೋದರೆ ಕಳೆದುಕೊಳ್ಳುವುದು ಹತ್ತು ನಿಮಿಷದ ತೇವದ ಲೆಕ್ಕವನ್ನಷ್ಟೇ. ಆಮೇಲೆ ಪೈಯ ಸೆಟ್ಟಿಂಗುಗಳ ಪ್ರೋಗ್ರಾಮಾದ ರಾಸ್ಪಿ-ಕಾನ್ಫಿಗ್‌ನಲ್ಲಿರುವ ಓವರ್‌ಲೇ ಆಯ್ಕೆಯಿಂದ ಕಾರ್ಡನ್ನು ಓದುವುದಕ್ಕೆ ಮಾತ್ರ ಮೀಸಲಿಟ್ಟು, ದಾಖಲೆಯನ್ನು ಯುಎಸ್‌ಬಿಗೆ ಸಿಕ್ಕಿಸಿದ ಹಳೆಯ ಎಸ್‌ಎಸ್‌ಡಿಗೆ ಬರೆಸಿ. ಪೆನ್‌ಡ್ರೈವ್ ಬೇಡ, ಅದರ ಜಾತಕವೂ ಕಾರ್ಡಿನದೇ.

128 ಜಿಬಿಯ ಕಾರ್ಡಿನಲ್ಲಿ ಸ್ಲೇಟುಗಳು ಹೆಚ್ಚಿರುವುದರಿಂದ ಸವಕಳಿ ಹಂಚಿಹೋಗುವುದು ನಿಜ, ಆದರೆ ಕರೆಂಟಿನ ಹೊಡೆತಕ್ಕೆ ಅದೂ ಅಷ್ಟೇ ಮೆದು. ಕೊಳ್ಳಲೇಬೇಕೆಂದರೆ ಸಿಸಿಟಿವಿ ಮತ್ತು ಕಾರಿನ ಕ್ಯಾಮೆರಾಗಳಿಗೆಂದು ಮಾಡಿದ, ಹೈ ಎಂಡ್ಯೂರೆನ್ಸ್ ಎಂದು ಬರೆದಿರುವ 32 ಜಿಬಿಯ ಕಾರ್ಡನ್ನೇ ಕೊಳ್ಳಿ. ವೇಗದ ದರ್ಜೆಯನ್ನು ಸೂಚಿಸುವ ಎ2 ಗುರುತಿನ ಕಾರ್ಡಿಗೆ ಹೆಚ್ಚು ಹಣ ಕೊಡಬೇಡಿ. ಅದರ ವೇಗಕ್ಕೆ ಬೇಕಾದ ಸೌಲಭ್ಯ ಪೈ 3ರಲ್ಲಿ ಇಲ್ಲ.

ಕೇಳದಿದ್ದರೂ ಒಂದು ಮಾತು: ಮನೆಯ ವೈಫೈ ಶೆಡ್ಡಿಗೆ ಮುಟ್ಟುವುದಾದರೆ, ಅಳೆಯುವ ಕೆಲಸವನ್ನು ಇಎಸ್‌ಪಿ32ರಂಥ ಚಿಕ್ಕ ಬೋರ್ಡಿಗೆ ವಹಿಸಿ, ಪೈಯನ್ನು ಮನೆಯೊಳಗೆ ಇನ್ವರ್ಟರಿನ ಆಸರೆಯಲ್ಲಿಡಿ. ಇಎಸ್‌ಪಿ32ಕ್ಕೆ ಮೆಮೊರಿ ಕಾರ್ಡ್ ಬೇಕಿಲ್ಲ, ಕರೆಂಟು ಹೋಗಿ ಬಂದರೆ ಕ್ಷಣದಲ್ಲಿ ಎದ್ದು ಕೂರುತ್ತದೆ. ತೇವದ ಸೆನ್ಸರಿನ ಏರಿಳಿಯುವ ವೋಲ್ಟೇಜನ್ನು ಅದು ನೇರವಾಗಿ ಓದಬಲ್ಲದು. ಪೈಗೆ ಅದಕ್ಕೂ ಬೇರೆ ಚಿಪ್ ಬೇಕು.

ಪ್ರಶ್ನೆ: ಪೈ 3 ಬಿಗೆ 4 ಟಿಬಿ ಹಾರ್ಡ್ ಡಿಸ್ಕ್ ಜೋಡಿಸಿ ಮನೆಮಂದಿಯ ಫೋಟೊ ಇಡಲು ಹೊರಟಿದ್ದೇನೆ. 2 ಟಿಬಿ ಮಾತ್ರ ಬಳಸಲು ಸಿಗುತ್ತಿದೆ, ನೆಟ್‌ವರ್ಕ್ ಮೂಲಕ ಮಾಡುವ ನಕಲು ಸೆಕೆಂಡಿಗೆ 11 ಎಂಬಿ ವೇಗ ದಾಟುವುದಿಲ್ಲ. ಡಿಸ್ಕ್ ಕೆಟ್ಟಿದೆಯೇ? — ಮೈಸೂರಿನ ಓದುಗರು

ಉತ್ತರ: ಡಿಸ್ಕ್ ಕೆಟ್ಟಿರುವ ಲಕ್ಷಣ ಇದರಲ್ಲಿಲ್ಲ. ನಿಮ್ಮ ಡಿಸ್ಕಿನ ಪಾರ್ಟಿಷನ್ ಪಟ್ಟಿ ಎಂಬಿಆರ್ ಎಂಬ ಹಳೆಯ ಬಗೆಯದಾಗಿರಬೇಕು. ಅದು ಸೆಕ್ಟರುಗಳನ್ನು, ಅಂದರೆ ಡಿಸ್ಕಿನ ಚಿಕ್ಕ ತುಣುಕುಗಳನ್ನು, 32 ಬಿಟ್‌ಗಳಲ್ಲಿ ಎಣಿಸುವುದರಿಂದ ಸುಮಾರು 429 ಕೋಟಿ ಸೆಕ್ಟರುಗಳಾಚೆ ಅದಕ್ಕೆ ಲೆಕ್ಕ ಬರುವುದಿಲ್ಲ. ಸೆಕ್ಟರಿಗೆ 512 ಬೈಟ್ ಎಂದರೆ ಅದೇ 2 ಟಿಬಿಯ ಗೋಡೆ. ಇರುವ ಫೋಟೊಗಳನ್ನು ಬೇರೆಡೆ ತೆಗೆದಿಟ್ಟು, ಜಿಪಿಟಿ ಎಂಬ ಈಚಿನ ಬಗೆಯ ಪಟ್ಟಿಯನ್ನು ಹೊಸದಾಗಿ ಮಾಡಿ. ಬೋರ್ಡ್ ಕಾರ್ಡಿನಿಂದಲೇ ಬೂಟ್ ಆಗುತ್ತಿದ್ದರೆ ಇದರಿಂದ ಅಡ್ಡಿಯಿಲ್ಲ.

ವೇಗಕ್ಕೆ ಮಾತ್ರ ಉಪಾಯವಿಲ್ಲ. ಪೈ 3 ಬಿಯ ನೆಟ್‌ವರ್ಕ್ ಪೋರ್ಟ್ ಸೆಕೆಂಡಿಗೆ 100 ಮೆಗಾಬಿಟ್‌ನದು, ಅಂದರೆ ಹೆಚ್ಚೆಂದರೆ 11–12 ಎಂಬಿ. ಈ ಲೆಕ್ಕದಲ್ಲಿ 4 ಟಿಬಿ ತುಂಬಲು ನಾಲ್ಕು ದಿನ ದಾಟುತ್ತದೆ. ಮೇಲಾಗಿ ನೆಟ್‌ವರ್ಕ್ ಮತ್ತು ನಾಲ್ಕೂ ಯುಎಸ್‌ಬಿ ಪೋರ್ಟುಗಳು ಒಂದೇ ಯುಎಸ್‌ಬಿ 2.0 ದಾರಿಯನ್ನು ಹಂಚಿಕೊಂಡಿವೆ. 2018ರ 3 ಬಿ ಪ್ಲಸ್‌ನಲ್ಲಿ ಗಿಗಾಬಿಟ್ ಪೋರ್ಟ್ ಇದ್ದರೂ ಅದೇ ದಾರಿಯಿಂದಾಗಿ 300 ಮೆಗಾಬಿಟ್ ಆಸುಪಾಸಿನಲ್ಲೇ ನಿಲ್ಲುತ್ತದೆ. ಈ ಕಟ್ಟು ಬಿಚ್ಚಿದ್ದು 2019ರ ಪೈ 4ರಲ್ಲಿ. ಡಿಸ್ಕಿಗೆ ಸ್ವಂತ ಅಡಾಪ್ಟರ್ ಇಲ್ಲದಿದ್ದರೆ, ಅಡಾಪ್ಟರ್ ಇರುವ ಯುಎಸ್‌ಬಿ ಹಬ್ ಮೂಲಕವೇ ಜೋಡಿಸಿ. ಬೋರ್ಡಿನ ನಾಲ್ಕೂ ಪೋರ್ಟುಗಳು ಸೇರಿ ಕೊಡಬಲ್ಲದ್ದು 1.2 ಆಂಪಿಯರ್ ಮಾತ್ರ.

ಪ್ರಶ್ನೆ: 1 ಜಿಬಿಯ ಪೈ 4ಕ್ಕೆ ರ‍್ಯಾಮ್ ಸೇರಿಸಬಹುದೇ? ಬ್ರೌಸರಿನಲ್ಲಿ ನಾಲ್ಕು ಟ್ಯಾಬ್ ತೆರೆದರೆ ನಿಂತುಬಿಡುತ್ತದೆ. — ಹುಬ್ಬಳ್ಳಿಯ ಓದುಗರು

ಉತ್ತರ: ಸೇರಿಸಲಾಗದು, ಅದನ್ನು ಬೋರ್ಡಿಗೇ ಬೆಸೆದಿರುತ್ತಾರೆ. ರ‍್ಯಾಮ್ ಸಾಲದಾಗ ಬಳಸುವ ಸ್ವಾಪ್ ಫೈಲನ್ನು ಕಾರ್ಡಿನಲ್ಲಿ ದೊಡ್ಡದಾಗಿ ಮಾಡಿದರೆ ಸಾಗರದವರ ಕಾರ್ಡುಗಳ ಗತಿಯೇ ಬಂದೀತು. ರ‍್ಯಾಮ್‌ನಲ್ಲಿರುವುದನ್ನೇ ಒತ್ತಿ ಇಡುವ ಝಡ್‌ರ‍್ಯಾಮ್ ಹಾಕಿಕೊಂಡರೆ ಎರಡು ಟ್ಯಾಬಿನ ಜಾಗದಲ್ಲಿ ಮೂರು ನಡೆದಾವು, ಅಷ್ಟೆ. ಬ್ರೌಸರೇ ಮುಖ್ಯ ಕೆಲಸವಾದರೆ 4 ಜಿಬಿಯ ಬೋರ್ಡನ್ನು ನೋಡಿ.